ಬೀಡೋ, ಬಡಿದದ್ದೋ

ಕ್ರ್ಯಾಂಕ್ ಮುರಿದದ್ದು ಅಳಿವೆಯಲ್ಲಿ. ಹೊಳೆ ಸಮುದ್ರಕ್ಕೆ ಬೀಳುವ ಬಾಯಿಗೆ ನಾವು ಅಳಿವೆ ಅನ್ನುವುದು. ಬೇರೆಲ್ಲಿ ಇಂಜಿನ್ ನಿಂತರೂ ಲಂಗರು ಹಾಕಿ ಕೂರಬಹುದು, ಯಾರಾದರೂ ಹಗ್ಗ ಕಟ್ಟಿ ಎಳೆದು ತರುತ್ತಾರೆ. ಅಳಿವೆಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಬೋಟು ಅಡ್ಡ ತಿರುಗಿತು. ಮಗುಚಲು ಎರಡು ತೆರೆ ಸಾಕಾಯಿತು. ಮೇಲಿದ್ದ ಮೂವರು ಹಾರಿ ಈಜಿದರು, ಹಿಂದಿನಿಂದ ಬರುತ್ತಿದ್ದ ಬೋಟಿನವರು ಅವರನ್ನು ಎತ್ತಿಕೊಂಡರು. ನನ್ನ ದೊಡ್ಡ ಮಗ ಕೆಳಗೆ ಇಂಜಿನ್ ರೂಮಿನಲ್ಲಿದ್ದ. ಸದ್ದು ಕೇಳಿ ನೋಡಲು ಇಳಿದಿದ್ದನಂತೆ. ಮೂರನೇ ದಿನ ಕಾಪುವಿನ ದೀಪಸ್ತಂಭದ ಈಚೆ ಸಿಕ್ಕಿದ. ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ.

ಅಳು ಬಂತಾ ಎಂದು ಆಮೇಲೆ ಕೇಳಿದವರುಂಟು. ನೆನಪಿಲ್ಲ. ಪಕ್ಕದ ಮನೆಯವರು ಮಾಡಿ ತಂದ ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು, ಅದು ನೆನಪುಂಟು.

ನಾನು ಬರೆಯಲು ಕೂತದ್ದು ಆ ಕ್ರ್ಯಾಂಕಿನ ವಿಷಯ. ಮೂರನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು ನಾನು. ಆದರೆ ಬೋಟು ಇರುವ ಮನೆಯಲ್ಲಿ ಐವತ್ತು ವರ್ಷ ಇದ್ದರೆ ಇಂಜಿನಿನ ಮಾತು ಕಿವಿಗೆ ಬಿದ್ದು ಬಿದ್ದು ತಾನಾಗಿಯೇ ತಲೆಗೆ ಹೋಗುತ್ತದೆ. ಅರ್ಧ ಹೋಗುತ್ತದೆ. ತೊಂದರೆ ಆದದ್ದು ಆ ಅರ್ಧದಿಂದಲೇ.

ಕ್ರ್ಯಾಂಕ್ ಅಂದರೆ ಇಂಜಿನಿನ ಹೊಟ್ಟೆಯೊಳಗಿನ ಉದ್ದದ ಕಬ್ಬಿಣ. ನೇರ ಇರುವುದಿಲ್ಲ. ಅಲ್ಲಲ್ಲಿ ಮೊಣಕೈ ಮಡಚಿದ ಹಾಗೆ ಮಡಚಿಕೊಂಡಿರುತ್ತದೆ. ಪಿಸ್ಟನ್ ಮೇಲೆ ಕೆಳಗೆ ಕುಟ್ಟುತ್ತದೆ, ಇದು ಆ ಕುಟ್ಟನ್ನು ತಿರುಗುವ ಬಲವಾಗಿ ಮಾಡಿ ಬೋಟಿನ ಹಿಂದಿನ ಫ್ಯಾನಿಗೆ ಕೊಡುತ್ತದೆ. ಇದು ಮುರಿದರೆ ಇಂಜಿನ್ ಇಲ್ಲ. ಇದರಲ್ಲಿ ಎರಡು ಜಾತಿ. ಒಂದು ಬೀಡು, ಕಬ್ಬಿಣ ಕರಗಿಸಿ ಅಚ್ಚಿಗೆ ಎರೆದದ್ದು. ಇನ್ನೊಂದು ಬಡಿದದ್ದು, ಉಕ್ಕನ್ನು ಕೆಂಪಗೆ ಕಾಯಿಸಿ ದೊಡ್ಡ ಸುತ್ತಿಗೆ ಯಂತ್ರದಲ್ಲಿ ಬಡಿದು ಆಕಾರ ತಂದದ್ದು. ಅಂಗಡಿಯವರು ಕಾಸ್ಟಿಂಗ್, ಫೋರ್ಜಿಂಗ್ ಅನ್ನುತ್ತಾರೆ. ನಮ್ಮ ಇಂಜಿನಿಗೆ ಎರಡೂ ಕೂರುತ್ತದೆ.

ಹೋದ ವರ್ಷದ ಮಳೆಗಾಲ. ಆ ಎರಡು ತಿಂಗಳು ಬೋಟು ಕಡಲಿಗೆ ಇಳಿಸುವಂತಿಲ್ಲ, ಸರಕಾರದ ಕಾನೂನು. ಇಂಜಿನ್ ಬಿಚ್ಚಿ ರಿಪೇರಿ ಮಾಡುವುದೆಲ್ಲ ಆಗಲೇ. ಕೆಮ್ಮಣ್ಣಿನ ಹೊಳೆಯಲ್ಲಿ ಬೋಟು ಕಟ್ಟಿ ಮಗ ಇಂಜಿನ್ ಬಿಚ್ಚಿದ. ಹಳೆಯ ಕ್ರ್ಯಾಂಕ್ ಸವೆದು ಹೋಗಿತ್ತು. ಬೇರೆ ಬೇಕು. ಬನ್ನಂಜೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬೀಡಿನದ್ದು ಹೊಸತು ಇತ್ತು, ಪೆಟ್ಟಿಗೆಯಲ್ಲಿ, ಎಣ್ಣೆ ಕಾಗದ ಸುತ್ತಿ. ಗುಜರಿಯಲ್ಲಿ ಬಡಿದದ್ದು ಒಂದು ಇತ್ತು, ಲಾರಿಯಿಂದ ಬಿಚ್ಚಿದ್ದು, ಹಳೆಯದು. ಕ್ರಯದ ಮಾತು ಬಿಡಿ, ಅರೆಯುವ ಖರ್ಚು ಸೇರಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ.

ಮಗ ಹೇಳಿದ, "ಹೊಸತೇ ಹಾಕುವ ಅಮ್ಮ. ಬೀಡಾದರೆ ಎಂತ, ಹೊಸತಲ್ವಾ."

ಅದೇ ವಾರ ನನ್ನ ನೀರುದೋಸೆ ಕಾವಲಿ ಒಡೆದಿತ್ತು. ಬೀಡಿನ ಕಾವಲಿ, ನನ್ನ ಅತ್ತೆಯ ಕಾಲದ್ದು. ಬಿಸಿ ಇರುವಾಗ ಸೊಸೆ, ದೊಡ್ಡವನ ಹೆಂಡತಿ, ತಣ್ಣೀರು ಹೊಯ್ದಳು, ಟಪ್ಪೆಂದು ನಡುವಿನಿಂದ ಎರಡಾಯಿತು. ನನ್ನ ಮೀನು ಕೊಯ್ಯುವ ಕತ್ತಿಯೂ ಅಷ್ಟೇ ಹಳೆಯದು. ಕಲ್ಲಿನ ಮೇಲೆ ಸಾವಿರ ಸಲ ಬಿದ್ದಿದೆ. ಬಾಯಿ ಸವೆದಿದೆ, ಮುರಿದಿಲ್ಲ. ಆಚಾರಿ ಬಡಿದು ಮಾಡಿದ್ದು.

ನಾನು ಹೇಳಿದೆ, "ಬೀಡು ಒಡೆಯುತ್ತದೆ. ಅಡುಗೆಮನೆಗೆ ಹೋಗಿ ನೋಡು, ಎರಡು ತುಂಡು ಬಿದ್ದುಕೊಂಡಿದೆ."

"ಅಮ್ಮಾ, ಕಾವಲಿಯಲ್ಲಿ ಕಡಲಿಗೆ ಹೋಗುವುದಾ ನಾವು?" ಎಂದು ನಗಾಡಿದ.

"ಬೋಟು ಯಾರ ಹೆಸರಿನಲ್ಲಿ ಉಂಟು?" ಎಂದು ಕೇಳಿದೆ.

ಗಂಡ ಸತ್ತ ಮೇಲೆ ಬೋಟು ನನ್ನ ಹೆಸರಿಗಾಗಿತ್ತು. ಅವನು ಗುಜರಿಯದ್ದನ್ನೇ ತಂದ.

ಹಳೆಯ ಕ್ರ್ಯಾಂಕ್ ಅಂದ ಮೇಲೆ ಅದನ್ನು ಅರೆಯಬೇಕು. ಬೇರಿಂಗ್ ಹಿಡಿದು ತಿರುಗುವ ಜಾಗಗಳಲ್ಲಿ ಗೀರು ಬಿದ್ದಿರುತ್ತದೆ, ಅದನ್ನು ಕಲ್ಲಿನ ಚಕ್ರಕ್ಕೆ ಹಿಡಿದು ಒಂದು ಸೈಜು ಸಣ್ಣ ಮಾಡುವುದು. ಅರೆಯುವ ಅಂಗಡಿಯಲ್ಲಿ ಮಳೆಗಾಲದ ಕೊನೆಯ ವಾರ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲ ಬೋಟಿನವರಿಗೂ ಆಗಲೇ ಬೇಕು. ನಮ್ಮದರ ಮೊದಲು ಏಳೋ ಎಂಟೋ ಸಾಲಿನಲ್ಲಿತ್ತು. ಸಮುದ್ರ ಪೂಜೆಗೆ ನಾಲ್ಕು ದಿನ. ಪೂಜೆಯ ಮಾರನೇ ದಿನ ಎಲ್ಲ ಬೋಟುಗಳೂ ಒಟ್ಟಿಗೆ ಇಳಿಯುತ್ತವೆ. ಎರಡು ತಿಂಗಳು ಯಾರೂ ಬಲೆ ಹಾಕದ ಕಡಲು ಅದು. ಮೊದಲ ದಿನ ಹೋದವನಿಗೆ ಸಿಕ್ಕಿದ್ದು ಹತ್ತನೇ ದಿನ ಹೋದವನಿಗೆ ಸಿಗುವುದಿಲ್ಲ.

ಮಗ ಹೋಗಿ ಕೇಳಿ ಬಂದ. ಆಗುವುದಿಲ್ಲ ಅಂದರಂತೆ. ಮರುದಿನ ನಾನು ಹೋದೆ. ಮಳೆಗಾಲದಲ್ಲಿ ನಾನು ಮಾರುವುದು ಒಣಮೀನು. ಬುಟ್ಟಿ ತುಂಬ ಒಣಮೀನು ಹೊತ್ತುಕೊಂಡು ಹೋಗಿ ಅರೆಯುವವನ ಅಂಗಡಿಯ ಮೆಟ್ಟಿಲಿನ ಮೇಲೆ ಕೂತೆ. ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ತೆಗೆದಿಟ್ಟೆ.

"ಎಂತ ಅಮ್ಮ ಇದು, ಗಿರಾಕಿಗಳು ಬರುವ ಜಾಗ," ಎಂದ ಅವನು.

"ನಾನೂ ಗಿರಾಕಿಯೇ. ಅರೆದು ಕೊಡು, ಹೋಗುತ್ತೇನೆ."

"ಸಾಲು ಉಂಟಲ್ವಾ ಮಾರಾಯ್ತಿ."

"ಸಾಲಿನಲ್ಲೇ ಕೂತಿದ್ದೇನೆ."

ಎರಡನೇ ದಿನ ಮಧ್ಯಾಹ್ನಕ್ಕೆ ಅವನಿಗೆ ಸಾಕಾಯಿತು. ಮೂಗಿಗೆ ಟವೆಲ್ ಕಟ್ಟಿಕೊಂಡು ನಮ್ಮದನ್ನು ಯಂತ್ರಕ್ಕೆ ಏರಿಸಿದ. ಸಂಜೆಯ ಮೊದಲು ಕೊಟ್ಟ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಅದರಲ್ಲಿ ಮುಖ ನೋಡಿದೆ. ಬಹಳ ದಿನ ಈ ಕತೆಯನ್ನು ನಾನು ಮಾರ್ಕೆಟಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಒಣಮೀನಿನಿಂದ ಕ್ರ್ಯಾಂಕ್ ಅರೆಸಿದವಳು ಎಂದು ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂಬತ್ತು ತಿಂಗಳು ಇಂಜಿನ್ ಚೆನ್ನಾಗಿ ಓಡಿತು. ಮೇ ತಿಂಗಳಲ್ಲಿ ಮುರಿಯಿತು.

ಬೊಜ್ಜಕ್ಕೆ ಬಂದವರೆಲ್ಲ ಜಗಲಿಯಲ್ಲಿಟ್ಟಿದ್ದ ಎರಡು ತುಂಡನ್ನು ಕಾಲಲ್ಲಿ ಹೊರಳಿಸಿ ನೋಡಿದರು. ಉತ್ತರಕ್ರಿಯೆಯ ಊಟಕ್ಕೆ ಬಂದವರಿಗೆ ಮಾತಾಡಲು ಏನಾದರೂ ಬೇಕಲ್ಲ. ಹಣೆಬರಹ ಅಂದರು. ಕಡಲಿನ ಋಣ ಅಂದರು. ಬೀಡು ಹಾಕಿರಬೇಕು ಅಂತಲೂ ಒಬ್ಬ ಹೇಳಿದ. ನಾನು ಎಲೆಗೆ ಅನ್ನ ಬಡಿಸುತ್ತಾ ಹೋದೆ.

ಬೋಟನ್ನು ಅಳಿವೆಯ ಮರಳಿನ ದಿಬ್ಬದಿಂದ ಎಳೆದು ತಂದಿದ್ದರು. ಇಂಜಿನಿಗೆ ಉಪ್ಪುನೀರು ಹೋಗಿತ್ತು. ಕಿರಿಯ ಮಗ ಅದನ್ನು ಆ ದಿನವೇ ತೊಳೆದು, ತುಕ್ಕು ಹಿಡಿಯಬಾರದೆಂದು ಒಳಗೆ ಡೀಸೆಲ್ ತುಂಬಿಸಿ ಇಟ್ಟಿದ್ದ. ಅಣ್ಣನನ್ನು ಇನ್ನೂ ಹುಡುಕುತ್ತಿದ್ದರು ಆಗ. ಇವನು ಕಡಲಿಗೆ ಹೋಗುತ್ತಿದ್ದವನಲ್ಲ, ಮೀನಿನ ಟೆಂಪೋ ಓಡಿಸುತ್ತಿದ್ದ. ಬೊಜ್ಜ ಕಳೆದು ಒಂದು ವಾರಕ್ಕೆ ಹೇಳಿದ, "ಬೋಟಿಗೆ ನಾನು ಹೋಗ್ತೇನೆ ಅಮ್ಮ."

"ಹೋಗು," ಎಂದೆ. ಬೇಡ ಅನ್ನಬೇಕಿತ್ತೋ ಏನೋ. ಆಗ ನನಗೆ ಬೇಕು ಬೇಡ ಎರಡೂ ಒಂದೇ ತೂಕ ಇತ್ತು. ದೊಡ್ಡವನಿಗೆ ಮಕ್ಕಳಿಲ್ಲ. ನನಗೆ ಉಳಿದದ್ದು ಇವನೊಬ್ಬ. ಅದೇ ಅಳಿವೆ, ಅದೇ ಬೋಟು, ಅದೇ ಇಂಜಿನ್. ಕ್ರ್ಯಾಂಕ್ ಮಾತ್ರ ಬೇರೆ ಬೇಕು.

"ಯಾವುದು ಹಾಕ್ತಿ?" ಎಂದು ಕೇಳಿದೆ.

"ಬಡಿದದ್ದೇ. ನೀನೇ ಹೇಳಿದ್ದಲ್ವಾ, ಬೀಡು ಒಡೆಯುತ್ತದೆ ಅಂತ. ಅಣ್ಣನದ್ದು ಏನೋ ಮೊದಲೇ ಪೆಟ್ಟು ತಿಂದ ಮಾಲು. ಗುಜರಿಯಲ್ಲಿ ಇನ್ನೊಂದು ಉಂಟು, ನೋಡಿಟ್ಟು ಬಂದಿದ್ದೇನೆ. ಅರೆಯಲಿಕ್ಕೆ ಕೊಡುವುದೇ."

ನನ್ನ ಮಾತನ್ನೇ ನನಗೆ ತಂದುಕೊಟ್ಟ. ಅದೇ ಗುಜರಿ. ಅದೇ ಅಂಗಡಿ. ನಾನು ಮೀನಿನ ಗೂಡೆ ತೊಳೆಯುತ್ತಿದ್ದೆ. ತೊಳೆದು ಮುಗಿಸಿದೆ.

ಕಾರ್ಕಳದಲ್ಲಿ ಒಬ್ಬರು ಮುದುಕ ಆಚಾರಿ ಇದ್ದಾರೆಂದು ನನಗೆ ಗೊತ್ತಿತ್ತು. ಮೊದಲು ಕಮ್ಮಾರಸಾಲೆ, ಆಮೇಲೆ ಲೇತ್ ಹಾಕಿದವರು. ಈಗ ಕೆಲಸ ಮಾಡುವುದಿಲ್ಲ, ಶೆಡ್ಡಿನಲ್ಲಿ ಕೂತಿರುತ್ತಾರೆ. ನನ್ನ ಗಂಡ ಇದ್ದಾಗ ಅವರ ಹತ್ತಿರವೇ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಮುರಿದ ಕ್ರ್ಯಾಂಕಿನ ಚಿಕ್ಕ ತುಂಡನ್ನು ಗೋಣಿ ಸುತ್ತಿ ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ನಾಲ್ಕು ಕಟ್ಟು ಒಣಮೀನು ಇಟ್ಟುಕೊಂಡು ಹೊರಟೆ. ಉಡುಪಿಯಲ್ಲಿ ಬಸ್ಸು ಬದಲಿಸಿದೆ. ಕಾರ್ಕಳದ ಬಸ್ಸಿಗೆ ಬುಟ್ಟಿ ಎತ್ತಲು ಕಂಡಕ್ಟರ್ ಕೈ ಹಾಕಿದ, ಎತ್ತಲಾಗಲಿಲ್ಲ.

"ಎಂತ ಅಮ್ಮ, ತಿಮಿಂಗಿಲ ಒಣಗಿಸಿದ್ದಾ?"

"ಮೂಳೆ ಮಾತ್ರ," ಎಂದೆ.

ಬಸ್ಸಿನಲ್ಲಿ ನಕ್ಕರು. ಸೊಸೆ ಅದೇ ಬಸ್ಸಿನಲ್ಲಿದ್ದಳು. ಮಣಿಪಾಲದಲ್ಲಿ ಕ್ಯಾಂಟೀನಿನಲ್ಲಿ ಕೆಲಸ ಅವಳಿಗೆ. ಬೊಜ್ಜ ಆದ ಮೇಲೆ ಪುನಃ ಹೋಗಲು ಶುರುಮಾಡಿದ್ದಳು. ಅವಳು ನಗಲಿಲ್ಲ. ಬುಟ್ಟಿಯನ್ನು ನೋಡಿದಳು.

"ಅತ್ತೆ ಎಲ್ಲಿಗೆ?"

"ಕಾರ್ಕಳಕ್ಕೆ. ಒಣಮೀನಿಗೆ ಹೇಳಿದ್ದಾರೆ."

"ಸರಿ," ಎಂದಳು. ಮಣಿಪಾಲದಲ್ಲಿ ಇಳಿದು ಹೋದಳು. ತಿರುಗಿ ನೋಡಲಿಲ್ಲ.

ಆಚಾರಿಯವರಿಗೆ ಕಣ್ಣು ಮಂಜು, ಕೈ ಗಟ್ಟಿ ಉಂಟು. ವಿಷಯ ಅವರಿಗೆ ಪೇಪರಿನಲ್ಲಿ ಓದಿ ಗೊತ್ತಿತ್ತು. ಆ ಬೋಟು ನಮ್ಮದು ಎಂದು ಗೊತ್ತಿರಲಿಲ್ಲ. ನಾನು ಹೇಳಿದೆ. ಅವರು ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಮುರಿದ ಮುಖವನ್ನು ಉಜ್ಜಿದರು, ಮಗುವಿನ ಮೂಗು ಒರೆಸುವ ಹಾಗೆ. ಆಮೇಲೆ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು.

"ನೋಡಿ. ಎಂತ ಕಾಣ್ತದೆ?"

ನನಗೆ ಕಂಡದ್ದು ಗೆರೆ. ಒಂದು ಮೂಲೆಯಿಂದ ಹೊರಟು ಬಳ್ಳಿ ಬಳ್ಳಿಯಾಗಿ ಹರಡಿದ ಸಣ್ಣ ಗೆರೆಗಳು, ಒಂದರ ಹಿಂದೆ ಒಂದು. ಇಳಿತದಲ್ಲಿ ನೀರು ಹಿಂದೆ ಹೋಗುವಾಗ ಮರಳಿನ ಮೇಲೆ ಬಿಟ್ಟು ಹೋಗುತ್ತದಲ್ಲ, ಥೇಟ್ ಅದೇ. ಆಚೆ ಬದಿಯಲ್ಲಿ ಸ್ವಲ್ಪ ಜಾಗ ಮಾತ್ರ ಒರಟು, ಸಕ್ಕರೆಯ ಹಾಗೆ.

"ಕಡಲ ಕರೆಯ ಗೆರೆಯ ಹಾಗೆ ಉಂಟು," ಎಂದೆ.

"ಅದೇ. ಈ ಒರಟು ಜಾಗ ಉಂಟಲ್ಲ, ಇಷ್ಟೇ ಆ ದಿನ ಮುರಿದದ್ದು. ಉಳಿದದ್ದೆಲ್ಲ ಮೊದಲೇ ಬಿಟ್ಟಿದೆ. ದಿನಕ್ಕೆ ಕೂದಲೆಳೆಯಷ್ಟು. ಹಾಕಿದ ಲಾಗಾಯ್ತು ಮುರೀತಾ ಇತ್ತು ಇದು."

ಒಂಬತ್ತು ತಿಂಗಳು ಚೆನ್ನಾಗಿ ಓಡಿತು ಎಂದು ನಾನು ಮೇಲೆ ಬರೆದೆ. ಓಡಿತು ಅಷ್ಟೇ.

"ಬಡಿದದ್ದಲ್ವಾ ಇದು? ಬಡಿದದ್ದು ಮುರಿಯುತ್ತದಾ?"

ಅವರು ಬದಿಯ ಅಗಲ ಗೆರೆಯನ್ನು ತೋರಿಸಿದರು. ಎರಡು ಅಚ್ಚು ಕೂಡುವಲ್ಲಿ ಹೊರಬಂದ ಕಬ್ಬಿಣವನ್ನು ಉಜ್ಜಿ ತೆಗೆದ ಗುರುತು ಅದು. ಅಗಲ ಇದ್ದರೆ ಬಡಿದದ್ದು, ನೂಲಿನಷ್ಟು ಸಪುರ ಇದ್ದರೆ ಬೀಡು. "ಬಡಿದದ್ದೇ. ಒಳ್ಳೆ ಮಾಲು. ಮಾಲಿಗೆ ಎಂತ ಆಗಿಲ್ಲ. ನಿಮ್ಮ ಬೆರಳು ಕೊಡಿ."

ನನ್ನ ಬೆರಳು ಹಿಡಿದು ಗೆರೆ ಶುರುವಾದ ಮೂಲೆಯಲ್ಲಿ ಎಳೆದರು. ದುಂಡು ಕಂಬ ಗೋಡೆಗೆ ಸೇರುವ ಹಾಗೆ ಒಂದು ಮೂಲೆ ಅಲ್ಲಿ. ಉಗುರು ಸಿಕ್ಕಿಕೊಂಡಿತು. ಆಮೇಲೆ ಶೆಡ್ಡಿನ ಮೂಲೆಯಲ್ಲಿದ್ದ ಬೇರೆ ಒಂದು ಕ್ರ್ಯಾಂಕಿನ ಹತ್ತಿರ ಕರೆದುಕೊಂಡು ಹೋಗಿ ಅದೇ ಜಾಗದಲ್ಲಿ ಎಳೆಸಿದರು. ಉಗುರು ಜಾರಿ ಹೋಯಿತು. ಅಲ್ಲಿ ಮೂಲೆ ಚೂಪು ಇರಲಿಲ್ಲ, ಬಟ್ಟಲಿನ ಒಳಗಿನ ಹಾಗೆ ಗುಂಡಗೆ ಇತ್ತು.

"ಅರೆಯುವಾಗ ಮೂಲೆಯನ್ನು ಹೀಗೆ ಗುಂಡಗೆ ಬಿಡಬೇಕು. ಅದಕ್ಕೆ ಕಲ್ಲಿನ ಅಂಚನ್ನು ಮೊದಲು ಕೆತ್ತಿ ಗುಂಡಗೆ ಮಾಡಿಕೊಳ್ಳಬೇಕು. ಅದಕ್ಕೇ ಅರ್ಧ ದಿನ ಬೇಕು. ಇದರಲ್ಲಿ ಮಾಡಿಲ್ಲ. ಚೂಪು ಬಿಟ್ಟಿದ್ದಾರೆ. ಚೂಪು ಮೂಲೆ ಅಂದರೆ ಬಟ್ಟೆಗೆ ಕತ್ತರಿಯಲ್ಲಿ ಒಂದು ಗುರುತು ಹಾಕಿ ಕೊಟ್ಟ ಹಾಗೆ. ಅಲ್ಲಿಂದಲೇ ಹರಿಯುವುದು. ಯಾರು ಅರೆದದ್ದು? ಅವಸರದ ಕೆಲಸ ಇದು."

"ಅವಸರ ಮಾಡಿಸಿದ್ದು ನಾನು," ಎಂದೆ.

ಮೆಟ್ಟಿಲು, ಒಣಮೀನು, ಎಲ್ಲ ಹೇಳಿದೆ. ಮಾರ್ಕೆಟಿನಲ್ಲಿ ಹೇಳುತ್ತಿದ್ದ ಕತೆಯೇ. ಅವರು ನಗಲಿಲ್ಲ. ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದರು.

"ಅವಸರ ಮಾಡುವವರು ಸಾವಿರ ಮಂದಿ ಬರ್ತಾರೆ. ಆಗುವುದಿಲ್ಲ ಅಂತ ಅವನು ಹೇಳಬೇಕಿತ್ತು."

"ಹೇಳಿದ್ದ."

ನಾನು ಬಂದದ್ದು ಇನ್ನೊಂದನ್ನು ಕೇಳಲು. "ಬೀಡಿನದ್ದು ಹೊಸತು ಹಾಕಿದ್ದರೆ?"

"ಹೊಸತಾದರೆ ಅರೆಯಲಿಕ್ಕೇ ಇಲ್ಲ. ಮೂಲೆ ಗುಂಡಗೆ ಮಾಡಿಯೇ ಬರ್ತದೆ."

"ಬೀಡು ಒಡೆಯುವುದಿಲ್ಲವಾ? ಕಾವಲಿ ಒಡೆಯುತ್ತದಲ್ಲ."

"ಅಯ್ಯೋ, ಅದು ಕಾವಲಿಯ ಬೀಡಲ್ಲ ಮಾರಾಯ್ರೆ. ಕರಗಿಸುವಾಗ ಒಳಗೆ ಮದ್ದು ಹಾಕ್ತಾರೆ ಅದಕ್ಕೆ. ಸ್ವಲ್ಪ ಬಗ್ತದೆ, ತಡೀತದೆ. ಬಡಿದದ್ದರಷ್ಟು ಗಟ್ಟಿ ಅಲ್ಲ, ಸರಿ. ಆದರೆ ನಿಮ್ಮ ಬೋಟಿನ ಇಂಜಿನ್ ನಿಧಾನ ಓಡುವುದು. ಅದಕ್ಕೆ ಹೊಸ ಬೀಡು ಧಾರಾಳ ಸಾಕು. ಬಡಿದದ್ದೇ ಬೇಕಾದರೆ ಹಾಕಿ, ಆದರೆ ಅರೆಯುವವನ ಕೈಯನ್ನು ನೀವು ನಂಬಬೇಕಾಗ್ತದೆ."

ಹಾಗಾದರೆ ದೊಡ್ಡವನು ಹೇಳಿದ್ದು ಸರಿ ಇತ್ತು. ಅದನ್ನು ಕೇಳಿದ ಮೇಲೆ ನನಗೆ ಏನೋ ಆಗಬೇಕಿತ್ತು. ಆಗಲಿಲ್ಲ. ಒಣಮೀನಿನ ಎರಡು ಕಟ್ಟು ಅವರ ಮನೆಯವರಿಗೆ ಕೊಟ್ಟೆ. ತುಂಡನ್ನು ಅಲ್ಲೇ ಬಿಟ್ಟು ಬಂದೆ. ಹೊತ್ತು ಹೊತ್ತು ಕುತ್ತಿಗೆ ನೋಯುತ್ತಿತ್ತು.

ಇನ್ನು ಕಿರಿಯವನಿಗೆ ಹೇಳಬೇಕು. ಬೀಡು ಹಾಕು ಎಂದು ಸುಮ್ಮನೆ ಹೇಳಿದರೆ ಅವನು ಕೇಳುವುದಿಲ್ಲ. ಯಾಕೆ ಎಂದು ಹೇಳಬೇಕು. ಹೇಳಿದರೆ ಸೊಸೆಯ ಎದುರಿಗೇ ಹೇಳಬೇಕು, ಮನೆಯಲ್ಲಿ ಇರುವುದು ಒಂದೇ ಕೋಣೆ. ಎರಡು ದಿನ ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವನು ಗುಜರಿಗೆ ಹೋಗಲು ಟೆಂಪೋದ ಕೀ ತೆಗೆದುಕೊಂಡ. ಸೊಸೆ ಕೆಲಸಕ್ಕೆ ಹೋಗಲು ಜಡೆ ಹಾಕಿಕೊಳ್ಳುತ್ತಿದ್ದಳು.

"ಕೀ ಇಡು," ಎಂದೆ. "ಅಣ್ಣನ ಕ್ರ್ಯಾಂಕ್ ಮುರಿದದ್ದು ಅರೆದದ್ದು ಸರಿಯಾಗದೆ. ಸರಿಯಾಗದೆ ಹೋದದ್ದು ನಾನು ಅವಸರ ಮಾಡಿದ್ದಕ್ಕೆ. ಹೊಸತು ಹಾಕುವ ಅಂದಿದ್ದ ಅವನು. ಬೇಡ ಅಂದದ್ದೂ ನಾನೇ. ಕಾರ್ಕಳದಲ್ಲಿ ತೋರಿಸಿ ಬಂದಿದ್ದೇನೆ. ನೀನು ಗುಜರಿಯದ್ದು ತರಬೇಡ."

ಕಿರಿಯವನು ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತ. ಸೊಸೆಯ ಕೈ ಜಡೆಯ ಮೇಲೆ ಒಂದು ಗಳಿಗೆ ನಿಂತಿತು, ಆಮೇಲೆ ಪುನಃ ಹೆಣೆಯಿತು. ತುದಿಗೆ ರಬ್ಬರ್ ಹಾಕಿದ ಮೇಲೆ ಹೇಳಿದಳು.

"ನೀವು ಮೆಟ್ಟಿಲಲ್ಲಿ ಕೂತದ್ದು ನನಗೆ ಗೊತ್ತುಂಟು ಅತ್ತೆ. ಆ ದಿನ ಸಂಜೆ ಅವರು ಬಂದು ಹೇಳಿದ್ದರು. ಅಮ್ಮ ಇದ್ದದ್ದಕ್ಕೆ ಆಯಿತು ಅಂತ. ಊಟ ಮಾಡುವಾಗಲೂ ಅದನ್ನೇ ಹೇಳಿ ನಗಾಡ್ತಿದ್ದರು."

ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲಲ್ಲಿ ಚಪ್ಪಲಿ ಹುಡುಕಿದಳು. "ಕಾವಲಿ ಒಡೆದದ್ದು ನಾನು," ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಹೋದಳು. ಸಂಜೆ ಬಂದು ಎಂದಿನ ಹಾಗೆ ಅಕ್ಕಿ ತೊಳೆದಳು. ಆ ವಿಷಯ ಮತ್ತೆ ನಮ್ಮ ಮನೆಯಲ್ಲಿ ಬಂದಿಲ್ಲ.

ಕಿರಿಯವನು ನನ್ನನ್ನೂ ಟೆಂಪೋದಲ್ಲಿ ಕೂರಿಸಿಕೊಂಡು ಬನ್ನಂಜೆಗೆ ಹೋದ. ದಾರಿಯಲ್ಲಿ ಒಂದೇ ಮಾತು ಹೇಳಿದ, "ಬಂದರಿನ ದಕ್ಕೆಯಲ್ಲಿ ನಗ್ತಾರೆ. ಬೀಡು ಹಾಕಿದ ಅಂತ."

"ನಗಲಿ."

ಅಂಗಡಿಯವನು ಪೆಟ್ಟಿಗೆ ಬಿಚ್ಚಿದ. ನಾನು ಎಣ್ಣೆ ಕಾಗದ ಸರಿಸಿ ಒಂದೊಂದು ಮೂಲೆಯಲ್ಲೂ ಉಗುರು ಎಳೆದೆ. ಎಷ್ಟು ಮೂಲೆ ಉಂಟೋ ಅಷ್ಟರಲ್ಲೂ.

"ಎಂತ ಅಮ್ಮ, ಮೀನಿನ ಕಿವಿರು ನೋಡುವ ಹಾಗೆ ನೋಡ್ತೀರಿ? ಇದು ಕಂಪೆನಿ ಮಾಲು."

"ನೀನು ನನ್ನ ಹತ್ತಿರ ಬಂಗುಡೆ ತೆಗೆಯುವಾಗ ಕಿವಿರು ಎತ್ತುವುದಿಲ್ಲವಾ?"

"ಅದು ಹೌದು," ಎಂದ.

"ಇದನ್ನು ಹಗ್ಗ ಕಟ್ಟಿ ತೂಗುಹಾಕಿ ಬಡಿದು ತೋರಿಸು. ಒಳಗೆ ಬಿರುಕು ಇದ್ದರೆ ಸದ್ದು ಸತ್ತಿರುತ್ತದಂತೆ."

"ಹೊಸ ಮಾಲಿಗೆ ಯಾರು ಸುತ್ತಿಗೆ ಹಾಕ್ತಾರೆ ಮಾರಾಯ್ತಿ!"

ಕಿರಿಯವನಿಗೆ ನಾಚಿಕೆಯಾಗಿ ಹೊರಗೆ ಹೋಗಿ ನಿಂತ. ಅಂಗಡಿಯವನು ಕಡೆಗೂ ತೂಗುಹಾಕಿದ. ಮರದ ಹಿಡಿಯಲ್ಲಿ ಮೆಲ್ಲ ಬಡಿದ. ದೇವಸ್ಥಾನದ ಗಂಟೆಯಷ್ಟಲ್ಲ, ಆದರೆ ಸದ್ದು ನಿಲ್ಲಲು ಹೊತ್ತು ಹಿಡಿಯಿತು. ತೆಗೆದುಕೊಂಡು ಬಂದೆವು.

ಇಂಜಿನಿಗೆ ಕೂರಿಸುವಾಗ ಮೆಕ್ಯಾನಿಕ್ ಬಂದಿದ್ದ. ಕ್ರ್ಯಾಂಕ್ ಇಟ್ಟು ಬೇರಿಂಗಿನ ಮುಚ್ಚಳಗಳನ್ನೆಲ್ಲ ಬಿಗಿದ ಮೇಲೆ ಕೈಯಲ್ಲೇ ತಿರುಗಬೇಕು. ತಿರುಗಿತು, ಆದರೆ ಒಂದು ಜಾಗದಲ್ಲಿ ಹಿಡಿಯುತ್ತಿತ್ತು. ಸಮುದ್ರ ಪೂಜೆಗೆ ಮೂರು ದಿನ ಇತ್ತು.

"ಓಡಿದರೆ ಸರಿಯಾಗ್ತದೆ," ಎಂದ ಕಿರಿಯವನು. ಮೆಕ್ಯಾನಿಕ್ ತಲೆ ಕೆರೆದುಕೊಂಡ. ಆಗಬಹುದು ಎಂದ.

ನಾನು ದಂಡೆಯಲ್ಲಿ ಕೂತಿದ್ದೆ. ಹೆಂಗಸರು ಬೋಟಿನ ಇಂಜಿನಿನ ಹತ್ತಿರ ಬರುವುದು ನಮ್ಮಲ್ಲಿ ರೂಢಿ ಇಲ್ಲ. ಅಲ್ಲಿಂದಲೇ ಹೇಳಿದೆ, "ಬಿಚ್ಚಿ."

"ಅಮ್ಮಾ, ಬೇರಿಂಗ್ ಬೇರೆ ತರಿಸಬೇಕಾಗ್ತದೆ. ಪೂಜೆಗೆ ಆಗುವುದಿಲ್ಲ."

"ಆಗದಿದ್ದರೆ ಬೇಡ."

"ಮೊದಲ ದಿನ ಹೋಗದಿದ್ದರೆ ಜನ ಬೇರೆ ಬೋಟಿಗೆ ಹೋಗ್ತಾರೆ. ನನಗೆ ಯಾರು ಸಿಗ್ತಾರೆ ಆಮೇಲೆ?"

"ಹೋಗಲಿ. ಬಿಚ್ಚು."

ಅವನು ಸ್ಪಾನರ್ ಅನ್ನು ಹಲಗೆಗೆ ಎಸೆದ. ಏನೋ ಹೇಳಿದ, ಬರೆಯುವಂಥದ್ದಲ್ಲ. ಅವನ ಅಣ್ಣ ಇದ್ದಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಆದರೆ ಅಣ್ಣನ ಎದುರು ನಾನು ಬಿಚ್ಚು ಎಂದೂ ಹೇಳಿರಲಿಲ್ಲ. ಬೇಗ ಬೇಗ ಎಂದೇ ಹೇಳಿದ್ದು.

ಬಿಚ್ಚಿದರು. ಒಂದು ಬೇರಿಂಗಿನ ಹಿಂದೆ ಕಬ್ಬಿಣದ ಚಿಕ್ಕ ಚೂರು ಸಿಕ್ಕಿಕೊಂಡಿತ್ತು, ಅಕ್ಕಿಯ ನುಚ್ಚಿನಷ್ಟು. ಮೆಕ್ಯಾನಿಕ್ ಅದನ್ನು ಅಂಗೈಯಲ್ಲಿಟ್ಟು ಕಿರಿಯವನಿಗೆ ತೋರಿಸಿದ. ಅವನು ನೋಡಿದ. ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಪೂಜೆಯ ದಿನ ಎಲ್ಲರ ಜೊತೆ ನಾವೂ ಕಡಲಿಗೆ ಹಾಲು ಹೊಯ್ದೆವು. ಮಾರನೇ ದಿನ ಬೋಟುಗಳು ಹೋದವು. ನಮ್ಮದು ನಿಂತಿತ್ತು. ಮಾರ್ಕೆಟಿನಲ್ಲಿ ಒಬ್ಬಳು ಕೇಳಿದಳು, "ನಿಮ್ಮ ಬೋಟು ಹೆರಿಗೆಗೆ ಹೋಗಿದೆಯಾ ಅಕ್ಕ?" ಹೌದು, ಅವಳಿ ಎಂದೆ. ದಕ್ಕೆಯಲ್ಲಿ ಕಿರಿಯವನನ್ನು ಬೀಡು ಎಂದೇ ಕರೆಯಲು ಶುರುಮಾಡಿದ್ದರಂತೆ. ಅಣ್ಣನ ಜೊತೆ ಹೋಗುತ್ತಿದ್ದ ಮೂವರಲ್ಲಿ ಇಬ್ಬರು ಬೇರೆ ಬೋಟು ಹಿಡಿದರು. ಒಬ್ಬ ನಿಂತ. ಅವನಿಗೂ ಅವಸರ ಇರಲಿಲ್ಲ, ಅಳಿವೆಯನ್ನು ಒಂದು ಸಲ ನೋಡಿ ಬಂದವನು.

ಹನ್ನೊಂದನೇ ದಿನ ಬೋಟು ಹೋಯಿತು. ನಾನು ನೋಡಲು ಹೋಗಲಿಲ್ಲ. ಉಡುಪಿ ಮಾರ್ಕೆಟಿನಲ್ಲಿ ಕೂತಿದ್ದೆ. ಒಬ್ಬಳು ಗಿರಾಕಿ ಅಂಜಲ್ ಮೀನಿನ ತುಂಡು ದಪ್ಪ ಆಯಿತು, ಸಪುರ ಮಾಡಿ ಎಂದು ಜಗಳ ಮಾಡುತ್ತಿದ್ದಳು. ಕಿರಿಯವನ ಫೋನು ಬಂತು. ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅಳಿವೆ ದಾಟಿದೆವು ಎಂದು ಹೇಳಿದ ಅಂತ ಕಾಣುತ್ತದೆ.

"ಹೂಂ," ಎಂದೆ. ಸಪುರ ಮಾಡಿ ಕೊಟ್ಟೆ.

ಈಗ ಎರಡು ತಿಂಗಳಾಯಿತು. ದಿನಾ ಹೋಗುತ್ತಾನೆ, ಬರುತ್ತಾನೆ. ಮೊನ್ನೆ ಬೋಟಿನಿಂದಲೇ ಫೋನು ಮಾಡಿ, ಫೋನನ್ನು ಇಂಜಿನಿನ ಹತ್ತಿರ ಹಿಡಿದ. "ಕೇಳ್ತದಾ ಅಮ್ಮ? ಹೇಗುಂಟು?"

ನನಗೆ ಎಂತ ಗೊತ್ತಾಗಬೇಕು. ಮೊದಲಿನದ್ದೂ ಹೀಗೆಯೇ ಸದ್ದು ಮಾಡುತ್ತಿತ್ತು. ಒಳಗೆ ದಿನಕ್ಕೆ ಒಂದು ಕೂದಲೆಳೆ ಬಿಡುತ್ತಿರುವಾಗಲೂ ಹೀಗೆಯೇ. ಆದರೆ ಅವನು ಕಾಯುತ್ತಿದ್ದ.

"ಸರಿ ಉಂಟು," ಎಂದೆ. "ಬರುವಾಗ ಅಳಿವೆಯಲ್ಲಿ ನೀರು ಏರುವವರೆಗೆ ಕಾದು ಬಾ."

"ಸಾಲಿನಲ್ಲಿ ಎಲ್ಲರೂ ಒಳಗೆ ಬರ್ತಾ ಇರ್ತಾರಲ್ಲ ಅಮ್ಮ. ತಡ ಆದರೆ ಮೀನಿಗೆ ಕ್ರಯ ಸಿಗುವುದಿಲ್ಲ."

"ಬೇಡ," ಎಂದೆ. "ಕಾದು ಬಾ."